ನಾನ್-ಮೆಟಾಲಿಕ್ ಮೆಟಲ್: ಲೋಹವಿಲ್ಲದ ಲೋಹ

ಅಡುಗೆಮನೆಯಿಂದ ಒಂದು ಸ್ಟೀಲ್ ಲೋಟ ತಂದು ಕಿಟಕಿ ಹತ್ತಿರ ಇಡಿ. ಬಣ್ಣ ಯಾವುದು ಅಂದರೆ ಬೆಳ್ಳಿ ಬಣ್ಣ ಅಂತೀರಿ. ಇನ್ನೊಂದು ಸಲ ನೋಡಿ. ಕಿಟಕಿಯ ಬೆಳಕು ಬಿದ್ದ ಕಡೆ ಅಪ್ಪಟ ಬಿಳಿ ಗೀರು. ಅದಕ್ಕೆ ಅಂಟಿಕೊಂಡೇ ಒಂದು ಕಪ್ಪು ಪಟ್ಟಿ. ಆಮೇಲೆ ಬೂದು. ಬುಡದಲ್ಲಿ ರೆಡ್ ಆಕ್ಸೈಡ್ ನೆಲದ ಕೆಂಪು. ಬೆಳ್ಳಿ ಬಣ್ಣ ಎಲ್ಲೂ ಇಲ್ಲ. ಕಪ್ಪು, ಬಿಳಿ ಪಕ್ಕಪಕ್ಕ ಬಂದಿದ್ದಕ್ಕೇ ಕಣ್ಣು ಅದನ್ನು ಹೊಳಪು ಅಂದುಕೊಳ್ಳುತ್ತದೆ.

ಪುಟಾಣಿ ಗೊಂಬೆಗಳಿಗೆ ಬಣ್ಣ ಹಚ್ಚುವವರು ‘ನಾನ್-ಮೆಟಾಲಿಕ್ ಮೆಟಲ್’, ಚಿಕ್ಕದಾಗಿ ‘ಎನ್‌ಎಂಎಂ’ ಅನ್ನುವುದು ಈ ಆಟಕ್ಕೇ. ಲೋಹದ ಪುಡಿ ಇಲ್ಲದ ಸಾದಾ ಬಣ್ಣದಲ್ಲೇ ಕತ್ತಿ, ಕಿರೀಟ, ಗುರಾಣಿಯನ್ನು ಲೋಹದ ಹಾಗೆ ತೋರಿಸುವುದು. ಹೆಸರೇನೋ ತುಪ್ಪವಿಲ್ಲದ ಮೈಸೂರು ಪಾಕ್ ಅಂದ ಹಾಗಿದೆ, ಅಲ್ವಾ?

ಇದಕ್ಕೆ ಎದುರಾದದ್ದು ‘ಟ್ರೂ ಮೆಟಾಲಿಕ್ ಮೆಟಲ್’. ಅಂಥ ಬಣ್ಣದಲ್ಲಿ ಅಲ್ಯುಮಿನಿಯಂ ಅಥವಾ ಅಭ್ರಕದ ಸಣ್ಣ ಚಕ್ಕೆಗಳಿರುತ್ತವೆ. ಹಚ್ಚಿದರೆ ಸಾಕು, ಬೆಳಕು ಬಿದ್ದಾಗ ಮಿನುಗುತ್ತದೆ. ಮತ್ತೆ ಯಾಕಿಷ್ಟು ಕಷ್ಟ? 28 ಮಿಲಿಮೀಟರ್ ಎತ್ತರದ ಸಿಪಾಯಿಯ ಕತ್ತಿ ಹಲ್ಲುಕಡ್ಡಿಗಿಂತ ದಪ್ಪ ಇರುವುದಿಲ್ಲ. ಅಷ್ಟು ಚಿಕ್ಕದರ ಮೇಲೆ ಮಿನುಗು ಬಣ್ಣ ಎಲ್ಲ ಕಡೆ ಒಂದೇ ಸಮ ಕೂತುಬಿಡುತ್ತದೆ. ಅಂಚು ಯಾವುದು, ನಡು ಯಾವುದು ತಿಳಿಯುವುದಿಲ್ಲ. ಫೋಟೋದಲ್ಲಂತೂ ಎಷ್ಟೋ ಸಲ ಸುಮ್ನೆ ಬೂದಿ ಬಳಿದ ಹಾಗೆ ಬರುತ್ತದೆ.

ಕತ್ತಿಯನ್ನೇ ತೆಗೆದುಕೊಳ್ಳಿ. ನಡುವೆ ಏಣು, ಎರಡು ಪಕ್ಕ. ಒಂದು ಪಕ್ಕ ಹಿಡಿಯ ಹತ್ತಿರ ಕಪ್ಪಾಗಿ ಶುರುವಾಗಿ ತುದಿಗೆ ಹೋಗುತ್ತಾ ತಿಳಿಯಾಗಬೇಕು. ಇನ್ನೊಂದು ಪಕ್ಕ ಇದಕ್ಕೆ ಉಲ್ಟಾ. ಬಣ್ಣ ನೀರುಮಜ್ಜಿಗೆಯ ಹದಕ್ಕಿರಲಿ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಕೊನೆಗೆ ಬಾಯಿಯ ಅಂಚಿಗೆ ಕೂದಲೆಳೆಯಷ್ಟು ಬಿಳಿ ಗೆರೆ. ಆ ಗೆರೆ ಬೀಳುವವರೆಗೂ ಅದು ಬರೀ ಬೂದು ಕಡ್ಡಿ. ಬಿದ್ದ ತಕ್ಷಣ ಕತ್ತಿಗೆ ಸಾಣೆ ಹಿಡಿದ ಹಾಗೆ ಕಾಣುತ್ತದೆ. ನನಗೆ ಇದರಲ್ಲಿ ಅತಿ ಇಷ್ಟವಾದ ಗಳಿಗೆ ಅದೇ.

ಚಿನ್ನಕ್ಕೆ ಕಾಫಿಪುಡಿಯಂಥ ಕಂದು, ಕಾವಿ, ಹಳದಿ, ಚುಕ್ಕಿಯಷ್ಟು ಬಿಳಿ. ಹಳದಿ ಜಾಸ್ತಿಯಾದರೆ ಕೆಟ್ಟಿತು. ನಾನು ಮೊದಲು ಮಾಡಿದ ಕಿರೀಟ ನಂಜನಗೂಡು ರಸಬಾಳೆಯ ಚಿಪ್ಪಿನ ಹಾಗಿತ್ತು. ಕಡು ಕಂದು ಹಾಕಲು ಕೈ ಹೆದರುತ್ತದೆ, ತಪ್ಪಾಗುವುದೇ ಅಲ್ಲಿ.

ಪದ ಹೊಸದು, ಉಪಾಯ ಹಳೆಯದು. ಚಿತ್ರಕಲೆಯ ಬಗ್ಗೆ ಪುಸ್ತಕ ಬರೆದ ಇಟಲಿಯ ಲಿಯೋನ್ ಬತ್ತಿಸ್ತ ಆಲ್ಬರ್ಟಿ 1435ರಲ್ಲೇ ಹೇಳಿದ್ದ: ಚಿನ್ನವನ್ನೇ ಅಂಟಿಸುವುದಕ್ಕಿಂತ ಬಣ್ಣದಲ್ಲೇ ಚಿನ್ನ ತೋರಿಸುವ ಚಿತ್ರಕಾರನೇ ಹೆಚ್ಚು ಮೆಚ್ಚುಗೆಗೆ ತಕ್ಕವನು. ನಮ್ಮ ಮೈಸೂರು ಚಿತ್ರಕಲೆಯವರು ಇದನ್ನು ಒಪ್ಪುತ್ತಿರಲಿಲ್ಲ. ಅವರದು ನೇರ ದಾರಿ. ಒಡವೆ, ಕಿರೀಟದ ಜಾಗವನ್ನು ಜೆಸ್ಸೋ ಕೆಲಸದಲ್ಲಿ, ಅಂದರೆ ಬಿಳಿ ಪುಡಿ, ಅಂಟು ಕಲಸಿದ ಲೇಪದಲ್ಲಿ, ಸ್ವಲ್ಪವೇ ಉಬ್ಬಿಸಿ, ಮೇಲೆ ನಿಜವಾದ ಚಿನ್ನದ ರೇಕು ಅಂಟಿಸುತ್ತಾರೆ. ತಂಜಾವೂರಿನದಕ್ಕಿಂತ ಈ ಉಬ್ಬು ಕಡಿಮೆ. ಅದೇ ಜಗನ್ಮೋಹನ ಅರಮನೆಗೆ ಹೋದರೆ ದೀಪ ಹಿಡಿದ ಹೆಂಗಸಿನ ಚಿತ್ರ ಇದೆ. ರವಿವರ್ಮನದು ಅಂತ ಜನ ಹೇಳುತ್ತಾರೆ, ಬರೆದವರು ಎಸ್.ಎಲ್. ಹಲ್ದಣಕರ್. ಅದು ಜಲವರ್ಣ. ಬೆರಳ ಸಂದಿಯಲ್ಲಿ ಕಾಣುವ ಆ ಬೆಳಕಿಗೆ ರೇಕಿನ ಚೂರೂ ಇಲ್ಲ.

ಹಾಗಂತ ಎಲ್ಲದಕ್ಕೂ ಎನ್‌ಎಂಎಂ ಸರಿಯಲ್ಲ. ಬರೆದ ಹೊಳಪು ಕದಲುವುದಿಲ್ಲ. ಗೊಂಬೆ ತಿರುಗಿಸಿದರೂ ಬಿಳಿ ಗೆರೆ ಇದ್ದಲ್ಲೇ ಇರುತ್ತದೆ, ಗುಟ್ಟು ರಟ್ಟಾಗುತ್ತದೆ. ಒಂದೇ ಕಡೆಯಿಂದ ನೋಡುವ ಗೊಂಬೆಗೆ, ಫೋಟೋಗೆ ಇದು ಚೆನ್ನ. ಕೈಯಲ್ಲಿ ಹಿಡಿದು ಆಡುವುದಕ್ಕೆ ನಿಜವಾದ ಮಿನುಗು ಬಣ್ಣವೇ ವಾಸಿ. ಅದನ್ನೂ ನೋಡಿ ತರಬೇಕು. ಒಂದು ವರ್ಷ ದಸರಾಕ್ಕೆ ಮುಂಚೆ ನಮ್ಮನೆ ಪಟ್ಟದ ಗೊಂಬೆಯ ಕಿರೀಟಕ್ಕೆ ಅಗ್ಗದ ಗೋಲ್ಡ್ ಪೇಂಟ್ ಹಚ್ಚಿದ್ದೆ. ಒಳಗಿದ್ದದ್ದು ತಾಮ್ರ, ಸತು ಸೇರಿದ ಹಿತ್ತಾಳೆ ಪುಡಿ. ಮುಂದಿನ ದಸರಾಕ್ಕೆ ಪೆಟ್ಟಿಗೆ ತೆಗೆದರೆ ರಾಜನ ಕಿರೀಟ ತೊಳೆಯದ ಚೊಂಬಿನ ಹಾಗೆ ಕಪ್ಪಾಗಿತ್ತು.

‘ಪಟ್ಟದ ಗೊಂಬೆ ಮುಟ್ಟಬೇಡ ಕಣೋ’ ಅಂದರು ಅಜ್ಜಿ. ಕೆಳಗಿನ ಮೆಟ್ಟಿಲಿನ ಜಂಬೂಸವಾರಿ ಸಿಪಾಯಿಗಳು ಮಾತ್ರ ಈಗ ನನ್ನ ಪಾಲಿಗೆ. ಹನ್ನೆರಡು ಕತ್ತಿ ಇವೆ, ನಾಲ್ಕು ಮುಗಿದಿವೆ.