ಓದುಗರ ಪ್ರಶ್ನೆ: ಬರೀ ಗೋಧಿ ಹಿಟ್ಟಿನ ಬ್ರೆಡ್ ಯಾಕೆ ಮೆತ್ತಗಾಗುವುದಿಲ್ಲ?

ಪ್ರಶ್ನೆ: ಆರೋಗ್ಯದ ದೃಷ್ಟಿಯಿಂದ ಮೈದಾ ಬಿಟ್ಟು, ಬರೀ ಗೋಧಿ ಹಿಟ್ಟಿನಲ್ಲಿ ಮನೆಯಲ್ಲೇ ಬ್ರೆಡ್ ಮಾಡಲು ಶುರು ಮಾಡಿದ್ದೇನೆ. ಮೈದಾದಲ್ಲಿ ಚೆನ್ನಾಗಿ ಬರುತ್ತಿದ್ದ ಅದೇ ಅಳತೆ, ಅದೇ ವಿಧಾನ. ಆದರೂ ಬ್ರೆಡ್ ಇಟ್ಟಿಗೆಯಂತೆ ಕೂತುಬಿಡುತ್ತದೆ, ಮರುದಿನಕ್ಕೆ ಪುಡಿಪುಡಿಯಾಗುತ್ತದೆ. ಯೀಸ್ಟ್ ಜಾಸ್ತಿ ಹಾಕಬೇಕೇ? ಅರ್ಧ ಮೈದಾ ಬೆರೆಸದೆ ಬೇರೆ ದಾರಿಯೇ ಇಲ್ಲವೇ?

ಉತ್ತರ: ಯೀಸ್ಟ್ ಹೆಚ್ಚಿಸಬೇಡಿ, ಮೈದಾವೂ ಬೇಕಾಗಿಲ್ಲ. ತೊಂದರೆ ಇರುವುದು ‘ಅದೇ ಅಳತೆ’ ಎಂದಿರಲ್ಲ, ಅಲ್ಲೇ. ಮೈದಾಕ್ಕೆ ಸಾಕಾಗುವ ನೀರು ಗೋಧಿ ಹಿಟ್ಟಿಗೆ ಸಾಲುವುದಿಲ್ಲ. ಆ ನೀರನ್ನು ಹೀರಿಕೊಳ್ಳಲು ಅದಕ್ಕೆ ಹೆಚ್ಚು ಹೊತ್ತೂ ಬೇಕು. ಇವೆರಡನ್ನು ಸರಿಪಡಿಸಿದರೆ ನೂರಕ್ಕೆ ನೂರು ಗೋಧಿ ಹಿಟ್ಟಿನಲ್ಲೇ ಮೆತ್ತನೆಯ ಬ್ರೆಡ್ ಬರುತ್ತದೆ.

ಗೋಧಿ ಕಾಳಿನ ತೂಕದಲ್ಲಿ ಸುಮಾರು ಶೇ. 83 ಭಾಗ ಒಳಗಿನ ಬಿಳಿ ತಿರುಳು, ಶೇ. 14ರಷ್ಟು ತೌಡು, ಉಳಿದ ಶೇ. 2–3 ಮೊಳಕೆಯ ಭಾಗ. ತಿರುಳನ್ನಷ್ಟೇ ಬೀಸಿದರೆ ಮೈದಾ. ಬ್ರೆಡ್ ಉಬ್ಬಿ ನಿಲ್ಲುವುದಕ್ಕೆ ಕಾರಣವಾದ ಗ್ಲುಟೆನ್ ಹುಟ್ಟುವುದೂ ತಿರುಳಿನ ಪ್ರೋಟೀನಿನಿಂದಲೇ. ನೀರು ಸೋಕಿದಾಗ ಆ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಎಳೆದರೂ ಹರಿಯದ ಜಾಲವಾಗುತ್ತವೆ. ಯೀಸ್ಟ್ ಬಿಡುವ ಗಾಳಿ ಆ ಜಾಲದಲ್ಲಿ ಸಿಕ್ಕಿಕೊಂಡು ಹಿಟ್ಟು ಉಬ್ಬುತ್ತದೆ. ತೌಡಿನ ಚೂರುಗಳು ಈ ಹೆಣಿಗೆಯ ನಡುವೆ ಬಂದು ಅಲ್ಲಲ್ಲಿ ಅದನ್ನು ತುಂಡರಿಸುತ್ತವೆ. ಜೊತೆಗೆ ಗ್ಲುಟೆನ್‌ಗೆ ಸಿಗಬೇಕಾದ ನೀರನ್ನೂ ಅವೇ ಹೀರುತ್ತವೆ, ಅದೂ ನಿಧಾನವಾಗಿ. ಹಾಗಾಗಿ ಕಲಸುವಾಗ ಹದವಾಗಿದೆ ಅನ್ನಿಸಿದ ಹಿಟ್ಟು ಅರ್ಧ ಗಂಟೆ ಬಿಟ್ಟು ನೋಡಿದರೆ ಬಿಗಿದಿರುತ್ತದೆ. ಮೊಳಕೆಯ ಭಾಗದಲ್ಲಿರುವ ಗ್ಲುಟಾಥಿಯೋನ್ ಎಂಬ ವಸ್ತು ಕೂಡ ಗ್ಲುಟೆನ್ ಎಳೆಗಳನ್ನು ಸಡಿಲಗೊಳಿಸುತ್ತದೆ.

ಯೀಸ್ಟ್ ಹೆಚ್ಚು ಹಾಕಿದರೆ ಯಾಕೆ ಉಪಯೋಗವಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ. ನಿಮ್ಮ ಹಿಟ್ಟಿನಲ್ಲಿ ಗಾಳಿಗೆ ಕೊರತೆಯಿಲ್ಲ, ಅದನ್ನು ಹಿಡಿದಿಡುವ ಶಕ್ತಿಗೆ ಕೊರತೆ. ಗೋಧಿ ಹಿಟ್ಟಿನಲ್ಲಿರುವ ಖನಿಜ, ಕಿಣ್ವಗಳ ದೆಸೆಯಿಂದ ಯೀಸ್ಟ್ ಮೈದಾದಲ್ಲಿಗಿಂತ ಚುರುಕಾಗಿಯೇ ಕೆಲಸ ಮಾಡುತ್ತದೆ. ಮತ್ತಷ್ಟು ಸುರಿದರೆ ಹಿಟ್ಟು ಬೇಗ ಉಬ್ಬಿ, ಬೇಗ ಕುಸಿದು, ಕೊನೆಗೆ ಯೀಸ್ಟಿನ ವಾಸನೆಯಷ್ಟೇ ಉಳಿಯುತ್ತದೆ.

ಈಗ ಅಳತೆಗೆ ಬರೋಣ. ದಯವಿಟ್ಟು ಲೋಟ, ಬಟ್ಟಲುಗಳನ್ನು ಬಿಟ್ಟು ತಕ್ಕಡಿ ಬಳಸಿ. ಒಂದೇ ಬಟ್ಟಲಿನಲ್ಲಿ ಹಿಟ್ಟನ್ನು ಒತ್ತಿ ತುಂಬುವುದಕ್ಕೂ ಸಡಿಲವಾಗಿ ತುಂಬುವುದಕ್ಕೂ ಬ್ರೆಡ್ ಕೆಡುವಷ್ಟು ವ್ಯತ್ಯಾಸವಿರುತ್ತದೆ. ಮೈದಾ ಬ್ರೆಡ್ಡಿಗೆ ಸಾಮಾನ್ಯವಾಗಿ 100 ಗ್ರಾಂ ಹಿಟ್ಟಿಗೆ 60ರಿಂದ 65 ಗ್ರಾಂ ನೀರು. ಪೂರ್ತಿ ಗೋಧಿ ಹಿಟ್ಟಿಗೆ 75ರಿಂದ 85 ಗ್ರಾಂ ಬೇಕು. 21 ಸೆಂ.ಮೀ. ಉದ್ದದ ಒಂದು ಟಿನ್‌ಗೆ 400 ಗ್ರಾಂ ಹಿಟ್ಟು, ಒಟ್ಟು 320 ಗ್ರಾಂ ನೀರು, 5 ಗ್ರಾಂ ಇನ್‌ಸ್ಟೆಂಟ್ ಯೀಸ್ಟ್, 7 ಗ್ರಾಂ ಉಪ್ಪು, ಒಂದು ದೊಡ್ಡ ಚಮಚ ಎಣ್ಣೆ. ಸಕ್ಕರೆಯೋ ಜೇನುತುಪ್ಪವೋ ಒಂದು ಚಮಚ ಹಾಕಿದರೆ ತೌಡಿನ ಸಣ್ಣ ಕಹಿ ಮರೆಯಾಗುತ್ತದೆ, ಬಣ್ಣವೂ ಚೆನ್ನಾಗಿ ಬರುತ್ತದೆ. ಆದರೆ ಉಬ್ಬಲು ಅದರ ಅಗತ್ಯವಿಲ್ಲ.

ಮೊದಲು ಹಿಟ್ಟಿಗೆ 300 ಗ್ರಾಂ ನೀರನ್ನಷ್ಟೇ ಹಾಕಿ, ಒಣ ಹಿಟ್ಟು ಕಾಣದಂತೆ ಕಲಸಿ, ಮುಚ್ಚಿ, 40 ನಿಮಿಷ ಬಿಟ್ಟುಬಿಡಿ. ಯೀಸ್ಟ್ ಬೇಡ, ಉಪ್ಪೂ ಬೇಡ. ಫ್ರಾನ್ಸಿನ ಬೇಕಿಂಗ್ ತಜ್ಞ ರೇಮಂಡ್ ಕ್ಯಾಲ್ವೆಲ್ 1970ರ ದಶಕದಲ್ಲಿ ಬಳಕೆಗೆ ತಂದ ಕ್ರಮ ಇದು, ‘ಆಟೊಲೀಸ್’ ಅನ್ನುತ್ತಾರೆ. ಗೋಧಿ ಹಿಟ್ಟಿನ ಮಟ್ಟಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಆ ಹೊತ್ತಿನಲ್ಲಿ ತೌಡು ನೆನೆದು ಮೆತ್ತಗಾಗುತ್ತದೆ, ನಾದುವ ಮೊದಲೇ ಗ್ಲುಟೆನ್ ಕೂಡಿಕೊಳ್ಳಲು ತೊಡಗುತ್ತದೆ. ಬಳಿಕ ಉಳಿದ 20 ಗ್ರಾಂ ನೀರನ್ನು ಉಗುರು ಬೆಚ್ಚಗೆ ಮಾಡಿ, ಯೀಸ್ಟನ್ನು ಅದರಲ್ಲಿ ಕದಡಿ ಸೇರಿಸಿ. ನೀರು ಬಿಸಿಯಾಗಿರಬಾರದು, 60 ಡಿಗ್ರಿಯ ಹತ್ತಿರ ಯೀಸ್ಟ್ ಸಾಯುತ್ತದೆ. ಉಪ್ಪು, ಎಣ್ಣೆ ಹಾಕಿ ಎಂಟು ನಿಮಿಷ ನಾದಿ.

ಹಿಟ್ಟು ಕೈಗೆ ಅಂಟುತ್ತದೆ. ಹೆಚ್ಚಿನವರು ದಾರಿ ತಪ್ಪುವುದು ಇಲ್ಲೇ: ಅಂಟಿತೆಂದು ಒಂದು ಹಿಡಿ ಒಣ ಹಿಟ್ಟು, ಮತ್ತೆ ಅಂಟಿತೆಂದು ಇನ್ನೊಂದು ಹಿಡಿ. ಅಷ್ಟು ಜೋಪಾನವಾಗಿ ಅಳೆದು ಹಾಕಿದ ನೀರೆಲ್ಲ ಹಾಗೆ ವ್ಯರ್ಥವಾಗುತ್ತದೆ. ಕೈಯನ್ನು ಒದ್ದೆ ಮಾಡಿಕೊಂಡು ನಾದಿ, ಒಣ ಹಿಟ್ಟಿನ ಡಬ್ಬವನ್ನು ದೂರವಿಡಿ. ನಾದಿ ಮುಗಿದ ಮೇಲೂ ಅದು ಸ್ವಲ್ಪ ಜಿಗುಟಾಗಿಯೇ ಇರಬೇಕು. ಒಣಗಿ ನುಣುಪಾಗಿ ನಿಂತರೆ ನೀರು ಕಡಿಮೆಯಾಯಿತು ಎಂದು ಅರ್ಥ. ಒಂದೆರಡು ಚಮಚ ಸೇರಿಸಿ. ಕಲ್ಲಿನಲ್ಲಿ ಬೀಸಿದ ಹಿಟ್ಟಿನಲ್ಲಿ ಪಿಷ್ಟ ಹೆಚ್ಚು ಜಜ್ಜಿಹೋಗಿರುವುದರಿಂದ ಅದು ಇನ್ನೂ ಹೆಚ್ಚು ನೀರು ಎಳೆಯುತ್ತದೆ. ಹಾಗಾಗಿ ನನ್ನ 320ನ್ನು ಆರಂಭದ ಅಂಕಿ ಎಂದಷ್ಟೇ ತಿಳಿಯಿರಿ.

ಮೊದಲ ಸಲ ಉಬ್ಬಲು ಬಿಟ್ಟಾಗ ಇಮ್ಮಡಿಯಾಗುವವರೆಗೆ ಕಾಯಬೇಡಿ. ಆ ಮಾತು ಮೈದಾಕ್ಕೆ ಸರಿ. ಇಲ್ಲಿ ಒಂದೂವರೆ ಪಟ್ಟು ದಾಟಿದರೆ ಸಾಕು, ಬೆಚ್ಚಗಿನ ಅಡುಗೆಮನೆಯಲ್ಲಿ ಒಂದು ಗಂಟೆಯ ಆಸುಪಾಸು. ನಡುವೆ ಒಮ್ಮೆ ಒದ್ದೆ ಕೈಯಿಂದ ಅಂಚುಗಳನ್ನು ಎಳೆದು ಮಡಚಿ. ಆಮೇಲೆ ಸುರುಳಿ ಸುತ್ತಿ, ಎಣ್ಣೆ ಸವರಿದ ಟಿನ್‌ಗೆ ಇಳಿಸಿ. ಅಂಚಿನಿಂದ ಒಂದು ಸೆಂ.ಮೀ. ಮೇಲೆ ಬಂದಾಗ ಬೆರಳಿನಿಂದ ಒತ್ತಿ ನೋಡಿ: ಗುಳಿ ನಿಧಾನವಾಗಿ ಅರ್ಧ ತುಂಬಿಕೊಂಡರೆ ಓವನ್‌ಗೆ ಹೋಗುವ ಸಮಯ. ತುಂಬಿಕೊಳ್ಳದೆ ಹಾಗೆಯೇ ಉಳಿದರೆ ಹೊತ್ತು ಮೀರಿದೆ.

ಮೊದಲೇ ಕಾಯಿಸಿಟ್ಟ ಓವನ್‌ನಲ್ಲಿ 200 ಡಿಗ್ರಿ ಸೆಲ್ಸಿಯಸ್, 35ರಿಂದ 40 ನಿಮಿಷ. ಮೇಲ್ಭಾಗ ಬೇಗ ಕಂದಿದರೆ ಅಲ್ಯೂಮಿನಿಯಂ ಹಾಳೆ ಮುಚ್ಚಿ. ಅಡುಗೆಯ ಥರ್ಮಾಮೀಟರ್ ಇದ್ದರೆ ನಡುಭಾಗ 95 ಡಿಗ್ರಿ ಮುಟ್ಟಿರಬೇಕು. ಟಿನ್‌ನಿಂದ ತೆಗೆದು ಪೂರ್ತಿ ಆರುವ ತನಕ ಕತ್ತರಿಸಬೇಡಿ. ಬಿಸಿಯಲ್ಲಿ ಒಳಗಿನ ಪಿಷ್ಟ ಇನ್ನೂ ಗಟ್ಟಿಗೊಂಡಿರುವುದಿಲ್ಲ. ಚಾಕು ಹಾಕಿದರೆ ಬೆಂದ ಬ್ರೆಡ್ ಕೂಡ ಅಂಟಂಟಾಗಿ, ಬೇಯದಂತೆ ಕಾಣುತ್ತದೆ.

ಇಷ್ಟೆಲ್ಲ ಶ್ರಮ ಆರೋಗ್ಯಕ್ಕಾಗಿ ಎಂದಿದ್ದೀರಿ, ಆದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ನಿಜವಾದ ಲಾಭ ನಾರಿನದು. ಗೋಧಿ ಹಿಟ್ಟಿನಲ್ಲಿ 100 ಗ್ರಾಂಗೆ ಸುಮಾರು 11 ಗ್ರಾಂ ನಾರು, ಮೈದಾದಲ್ಲಿ ಮೂರಕ್ಕಿಂತ ಕಡಿಮೆ. ಈ ಬ್ರೆಡ್ಡನ್ನು 14 ಹೋಳು ಮಾಡಿದರೆ ಹೋಳೊಂದಕ್ಕೆ 3 ಗ್ರಾಂನಷ್ಟು ನಾರು ಸಿಗುತ್ತದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೆಗ್ನೀಷಿಯಂ, ಸತುವಿನಂಥ ಖನಿಜಗಳೂ ಹೆಚ್ಚು. ಉಪ್ಪು ಹೋಳಿಗೆ ಅರ್ಧ ಗ್ರಾಂ, ಬೇಕಿದ್ದರೆ ಒಟ್ಟು 7 ಗ್ರಾಂನಲ್ಲಿ ಒಂದೆರಡು ಗ್ರಾಂ ಇಳಿಸಬಹುದು. ಆದರೆ ಸಕ್ಕರೆ ಕಾಯಿಲೆ ಇರುವವರು ಒಂದು ವಿಷಯ ಗಮನಿಸಲೇಬೇಕು: ನುಣ್ಣಗೆ ಬೀಸಿದ ಗೋಧಿ ಹಿಟ್ಟಿನ ಬ್ರೆಡ್ಡು ರಕ್ತದ ಸಕ್ಕರೆಯನ್ನು ಏರಿಸುವುದು ಬಿಳಿ ಬ್ರೆಡ್ಡಿನಷ್ಟೇ. ಗ್ಲೈಸೆಮಿಕ್ ಸೂಚ್ಯಂಕದ ಪಟ್ಟಿಗಳಲ್ಲಿ ಎರಡೂ 75ರ ಅಕ್ಕಪಕ್ಕದಲ್ಲೇ ಇವೆ. ಗೋಧಿ ಬ್ರೆಡ್ ತಾನೇ ಎಂದು ಎರಡು ಹೋಳು ಹೆಚ್ಚು ತಿನ್ನುವಂತಿಲ್ಲ. ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇರುವವರಿಗಂತೂ ಗೋಧಿಯೇ ನಿಷಿದ್ಧ.

ಕೊನೆಯದಾಗಿ, ಮರುದಿನ ಪುಡಿಯಾಗುವುದರ ಬಗ್ಗೆ. ನೀರು ಸರಿಹೋದರೆ ಅರ್ಧ ತೊಂದರೆ ತಾನಾಗಿಯೇ ನೀಗುತ್ತದೆ. ಇನ್ನರ್ಧಕ್ಕೆ ಕಾರಣ ಫ್ರಿಜ್ ಇರಬಹುದು: ಬ್ರೆಡ್ಡಿನ ಪಿಷ್ಟ ಅತಿ ಬೇಗ ಬಿರುಸಾಗುವುದು ಆ ತಂಪಿನಲ್ಲೇ. ಎರಡು ದಿನಕ್ಕೆ ಬೇಕಾದಷ್ಟನ್ನು ಮುಚ್ಚಿ ಹೊರಗಿಡಿ. ಮಿಕ್ಕಿದ್ದನ್ನು ಹೋಳು ಮಾಡಿ ಫ್ರೀಜರ್‌ಗೆ ಹಾಕಿ, ಬೇಕೆನಿಸಿದಾಗ ನೇರವಾಗಿ ಟೋಸ್ಟ್ ಮಾಡಿ. ಫ್ರಿಜ್‌ನಲ್ಲಿ ಇಡಬೇಕಾದದ್ದು ಹಿಟ್ಟನ್ನು. ಮೊಳಕೆಯ ಭಾಗದ ಎಣ್ಣೆಯಿಂದ ಅದು ಮೈದಾಕ್ಕಿಂತ ಬೇಗ ಕಮಟಾಗುತ್ತದೆ. ಮೂಗಿಗೆ ಹಳೇ ಎಣ್ಣೆಯ ವಾಸನೆ ಬಂದರೆ ಆ ಹಿಟ್ಟಿನಲ್ಲಿ ಬ್ರೆಡ್ ಮಾಡಬೇಡಿ.