ಆನ್‌ಲೈನ್ ಎಡಿಟರ್‌ನಲ್ಲಿ ವಿಡಿಯೊ ಹಿಮ್ಮುಖಗೊಳಿಸುವುದು: ಒಂದು ಅಧ್ಯಯನ ಟಿಪ್ಪಣಿ

ಕ್ಲಿಪ್ ಒಂದನ್ನು ಅಪ್‌ಲೋಡ್ ಮಾಡಿ, ಟೈಮ್‌ಲೈನ್‌ನಲ್ಲಿ ಅದನ್ನು ಆಯ್ದುಕೊಂಡು, ‘ರಿವರ್ಸ್’ ಒತ್ತಿದರೆ ಅದು ಹಿಂದಕ್ಕೆ ಓಡುತ್ತದೆ. ಕೆಲವು ಎಡಿಟರ್‌ಗಳಲ್ಲಿ ಈ ಆಯ್ಕೆ ವೇಗ ಬದಲಿಸುವ ಮೆನುವಿನೊಳಗೆ ಸಿಗುತ್ತದೆ. ಕಲಿಯಬೇಕಾದದ್ದು ಇರುವುದು ಗುಂಡಿ ಒತ್ತುವ ಮೊದಲು: ಯಾವ ದೃಶ್ಯವನ್ನು ಆರಿಸಬೇಕು, ಎಷ್ಟು ಉದ್ದಕ್ಕೆ ಕತ್ತರಿಸಬೇಕು ಎಂಬುದರಲ್ಲಿ.

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸವನ್ನು ಮೊಬೈಲಿನಲ್ಲಿ ಚಿತ್ರಿಸಿದ್ದೇವೆ ಎಂದುಕೊಳ್ಳೋಣ. ನೂಲು ಸುತ್ತಿಕೊಳ್ಳುವ ರಾಟೆಯನ್ನಷ್ಟೇ ಹತ್ತಿರದಿಂದ ತೆಗೆದ ಕ್ಲಿಪ್ ಹಿಮ್ಮುಖವಾದರೆ, ರಾಟೆ ಇನ್ನೊಂದು ದಿಕ್ಕಿಗೆ ತಿರುಗುತ್ತದೆಯೇ ಹೊರತು ನೋಡುವವರಿಗೆ ವಿಶೇಷವೇನೂ ಕಾಣುವುದಿಲ್ಲ. ನೂಲು ಬಿಟ್ಟುಕೊಟ್ಟು ಗೂಡು ತೆಳುವಾಗುವುದು ನಿಧಾನದ ಕ್ರಿಯೆಯಾದ್ದರಿಂದ ಹತ್ತು ಸೆಕೆಂಡಿನಲ್ಲಿ ಅದೂ ತಿಳಿಯುವುದಿಲ್ಲ. ಆದರೆ ಅದೇ ಚೌಕಟ್ಟಿನೊಳಗೆ ಬಿಸಿನೀರಿನ ಹಬೆ, ಬಾಣಲೆಗೆ ಸುರಿಯುವ ಗೂಡುಗಳು, ಕೈಯಿಂದ ತೊಟ್ಟಿಕ್ಕುವ ಹನಿಗಳು ಇದ್ದರೆ ಹಬೆ ನೀರಿಗೆ ಇಳಿಯುತ್ತದೆ, ಹನಿಗಳು ಬೆರಳಿಗೆ ಏರುತ್ತವೆ, ಒದ್ದೆ ಗೂಡುಗಳು ಹಾರಿ ಬುಟ್ಟಿ ಸೇರುತ್ತವೆ. ನಿಸರ್ಗದಲ್ಲಿ ಒಂದೇ ದಿಕ್ಕಿಗೆ ಸಾಗುವ ಚಲನೆ ದೃಶ್ಯದಲ್ಲಿರಬೇಕು ಎಂಬುದೇ ಆಯ್ಕೆಯ ಸೂತ್ರ.

ಇನ್ನು ಎಡಿಟರ್ ಹೊತ್ತು ತೆಗೆದುಕೊಳ್ಳುವ ವಿಷಯ. 2003ರಲ್ಲಿ ರೂಪುಗೊಂಡು ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಎಚ್.264 ಎಂಬ ವಿಡಿಯೊ ಸಂಕುಚಿಸುವ ವಿಧಾನದಲ್ಲಿ ಪ್ರತಿ ಫ್ರೇಮೂ, ಅಂದರೆ ವಿಡಿಯೊದ ಒಂದೊಂದು ಬಿಡಿ ಚಿತ್ರವೂ, ಪೂರ್ಣವಾಗಿ ಉಳಿದಿರುವುದಿಲ್ಲ. ಆಗೊಂದು ಈಗೊಂದು ಐ-ಫ್ರೇಮ್ ಮಾತ್ರ ಸ್ವತಂತ್ರ ಚಿತ್ರ. ನಡುವಿನ ಪಿ ಮತ್ತು ಬಿ ಫ್ರೇಮ್‌ಗಳು ಬೇರೆ ಫ್ರೇಮ್‌ಗಳಿಗಿಂತ ತಮ್ಮಲ್ಲಿ ಏನು ಬದಲಾಗಿದೆ ಎಂಬುದನ್ನಷ್ಟೇ ಹೇಳುತ್ತವೆ. ಹೀಗಾಗಿ ಕೊನೆಯ ಫ್ರೇಮನ್ನು ಮೊದಲು ತೋರಿಸಬೇಕಾದರೂ ಎಡಿಟರ್ ಅದರ ಹಿಂದಿನ ಐ-ಫ್ರೇಮಿನಿಂದ ಮುಂದಕ್ಕೇ ಸಂಕೋಚನ ಬಿಡಿಸುತ್ತ (ಡಿಕೋಡ್ ಮಾಡುತ್ತ) ಬಂದು, ಬಿಡಿಸಿದ ಚಿತ್ರಗಳನ್ನು ಕಂಪ್ಯೂಟರಿನ ನೆನಪಿನಲ್ಲಿಟ್ಟು (ಮೆಮೊರಿ), ತಿರುವುಮುರುವಾಗಿ ಜೋಡಿಸಿ, ಮತ್ತೆ ಸಂಕುಚಿಸಬೇಕಾಗುತ್ತದೆ. 1920×1080 ಅಳತೆಯ ಒಂದು ಫ್ರೇಮ್ ಬಿಡಿಸಿದ ಮೇಲೆ ಸುಮಾರು 3.1 ಎಂಬಿ ಆಗುತ್ತದೆ. ಸೆಕೆಂಡಿಗೆ 30 ಫ್ರೇಮ್‌ಗಳಂತೆ 10 ಸೆಕೆಂಡಿಗೆ 300 ಫ್ರೇಮ್, ಅಂದರೆ 930 ಎಂಬಿಯಷ್ಟು. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದ ರಿವರ್ಸ್ ಫಿಲ್ಟರ್ ಇಡೀ ಕ್ಲಿಪ್ಪನ್ನು ಹೀಗೆ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ; ಆದ್ದರಿಂದಲೇ ಮೊದಲು ಟ್ರಿಮ್ ಮಾಡಿಕೊಳ್ಳಿ ಎಂದು ಅದರ ಕೈಪಿಡಿಯೂ ಸಲಹೆ ಕೊಡುತ್ತದೆ. ಬ್ರೌಸರ್‌ನಲ್ಲಿ ಕೆಲಸ ಮಾಡುವವರಿಗೆ ಈ ಸಲಹೆ ಇನ್ನೂ ಮುಖ್ಯ. ಪ್ರತಿ ಸಲ ಸಂಕುಚಿಸಿದಾಗಲೂ ಚಿತ್ರದ ಗುಣಮಟ್ಟ ಸ್ವಲ್ಪ ಕುಂದುವುದರಿಂದ ಬಣ್ಣ, ಅಕ್ಷರ, ವೇಗದ ಬದಲಾವಣೆಗಳನ್ನೆಲ್ಲ ಮುಗಿಸಿ ಒಮ್ಮೆಯೇ ಎಕ್ಸ್‌ಪೋರ್ಟ್ ಮಾಡುವುದು ಲೇಸು. ಮೂಲ ಫೈಲನ್ನು ಅಳಿಸಬಾರದು.

ಧ್ವನಿಯನ್ನು ಕಣ್ಣುಮುಚ್ಚಿ ಮ್ಯೂಟ್ ಮಾಡಬೇಕಿಲ್ಲ. ಮಾತು ಹಿಮ್ಮುಖವಾದರೆ ಅರ್ಥವಾಗುವುದಿಲ್ಲ, ನಿಜ. ತಟ್ಟನೆ ಹುಟ್ಟಿ ಮೆಲ್ಲಗೆ ಅಡಗುವ ಗಂಟೆಯ ನಾದ ಮೆಲ್ಲಗೆ ಏರಿ ತಟ್ಟನೆ ನಿಲ್ಲುತ್ತದೆ. ಇದು ಕೆಲವೊಮ್ಮೆ ಸೊಗಸಾಗಿಯೇ ಕೇಳುತ್ತದೆ. ಯಂತ್ರದ ಏಕತಾನದ ಸದ್ದು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಒಂದೇ ಕ್ಲಿಪ್ಪನ್ನು ಮುಂದಕ್ಕೆ ಓಡಿಸಿ, ಅದರ ಬೆನ್ನಿಗೇ ಹಿಮ್ಮುಖ ಪ್ರತಿಯನ್ನು ಜೋಡಿಸುವಾಗ ಒಂದು ಎಚ್ಚರ ಬೇಕು. ಮೊದಲನೆಯದರ ಕೊನೆಯ ಫ್ರೇಮ್ ಮತ್ತು ಎರಡನೆಯದರ ಮೊದಲ ಫ್ರೇಮ್ ಒಂದೇ ಆಗಿರುವುದರಿಂದ ಜೋಡಣೆಯಲ್ಲಿ ಚಲನೆ ಕ್ಷಣಕಾಲ ತಡೆದಂತೆ ಕಾಣಬಹುದು. ಟೈಮ್‌ಲೈನನ್ನು ಪೂರ್ತಿ ಹಿಗ್ಗಿಸಿಕೊಂಡು ಹಿಮ್ಮುಖ ಪ್ರತಿಯ ಮೊದಲ ಫ್ರೇಮನ್ನು ಕತ್ತರಿಸಿದರೆ ಆ ತಡೆ ಹೋಗುತ್ತದೆ.