ಬೆಳ್ಳಿ ಬಣ್ಣ ಹೊಡೆದರೂ ಮಿಗ್-21 ಲೋಹದಂತೆ ಕಾಣುತ್ತಿಲ್ಲ, ಏಕೆ?

ಪ್ರಶ್ನೆ: 1/72 ಅಳತೆಯ ಮಿಗ್-21 ಪ್ಲಾಸ್ಟಿಕ್ ಕಿಟ್ ಜೋಡಿಸಿದ್ದೇನೆ. ನಮ್ಮ ವಾಯುಪಡೆಯಲ್ಲಿ ಮೊದಲು ಇದ್ದಂಥ, ಬಣ್ಣ ಬಳಿಯದ ಬರಿ ಲೋಹದ ವಿಮಾನ ಮಾಡಬೇಕೆಂದು ಆಸೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಿಲ್ವರ್ ಸ್ಪ್ರೇ ಹೊಡೆದೆ. ಕಿಟಕಿ ಸರಳಿಗೆ ಬಳಿದ ಬಣ್ಣದ ಹಾಗೆ ಕಾಣುತ್ತಿದೆ. ಮೇಲೆ ವಾರ್ನಿಷ್ ಹೊಡೆದ ಮೇಲಂತೂ ಇದ್ದ ಹೊಳಪೂ ಹೋಗಿ ಬೂದಿಬಣ್ಣಕ್ಕೆ ತಿರುಗಿತು. ದುಬಾರಿ ಬಣ್ಣ ತರಿಸಿದರೆ ಸರಿಹೋಗುತ್ತದೆಯೇ?

ಉತ್ತರ: ದುಬಾರಿ ಬಣ್ಣದಿಂದ ಸ್ವಲ್ಪ ಸಹಾಯವಾಗುತ್ತದೆ, ಆದರೆ ಅದೊಂದರಿಂದಲೇ ಆಗುವುದಿಲ್ಲ. ಬರಿ ಲೋಹದ ವಿಮಾನ ಮಾಡುವಾಗ ಕೆಲಸದ ಮುಕ್ಕಾಲು ಪಾಲು ಬಣ್ಣದ ಡಬ್ಬಿ ತೆರೆಯುವ ಮೊದಲೇ ಮುಗಿದಿರಬೇಕು. ಹಸಿರು, ಕಂದು, ಬೂದು ಬಣ್ಣಗಳು ಪ್ಲಾಸ್ಟಿಕ್ಕಿನ ಮೇಲಿನ ಸಣ್ಣ ಗೀರನ್ನೂ ಅಂಟಿನ ಕಲೆಯನ್ನೂ ಒಂದು ಮಟ್ಟಿಗೆ ಮುಚ್ಚಿಬಿಡುತ್ತವೆ. ಬೆಳ್ಳಿ ಬಣ್ಣ ಅವನ್ನೇ ಎತ್ತಿ ತೋರಿಸುತ್ತದೆ. ಯಾಕೆ ಹೀಗೆ ಎನ್ನುವುದು ಗೊತ್ತಾದರೆ, ಏನು ಮಾಡಬೇಕು ಎನ್ನುವುದೂ ಗೊತ್ತಾಗುತ್ತದೆ.

ಈ ಬಣ್ಣದೊಳಗೆ ಇರುವುದು ಅಲ್ಯೂಮಿನಿಯಮ್ಮಿನ ತೆಳು ಚೂರುಗಳು. ಒಂದೊಂದು ಚೂರೂ ಪುಟ್ಟ ಕನ್ನಡಿಯೇ. ಚೂರುಗಳೆಲ್ಲ ಮಟ್ಟಸವಾಗಿ ಮಲಗಿದ್ದರೆ ಬೆಳಕನ್ನು ಒಂದೇ ದಿಕ್ಕಿಗೆ ಕಳಿಸುತ್ತವೆ, ಆಗ ಕಣ್ಣಿಗೆ ಲೋಹದ ತಗಡು ಕಂಡಂತಾಗುತ್ತದೆ. ಅಡ್ಡಾದಿಡ್ಡಿ ಬಿದ್ದಿದ್ದರೆ ಬೆಳಕು ಚೆದುರಿ ಮಂಕು ಬೂದು ಕಾಣುತ್ತದೆ. ಅಡಿಯ ಮೈ ಒರಟಾಗಿದ್ದರೆ ಚೂರುಗಳು ಮಟ್ಟಸವಾಗಿ ಮಲಗುವುದು ಸಾಧ್ಯವೇ ಇಲ್ಲ. ನಿಮ್ಮ ಮಿಗ್‌ಗೆ ಆಗಿರುವುದರಲ್ಲಿ ಅರ್ಧ ಇದು.

ಉಳಿದರ್ಧ ಚೂರಿನ ಗಾತ್ರದ್ದು. ಗೇಟು, ಗ್ರಿಲ್ಲುಗಳಿಗೆ ಮಾಡಿದ ಬಣ್ಣದಲ್ಲಿ ಚೂರು ದಪ್ಪ. ಅದು 40 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಇದೆ ಎಂದಿಟ್ಟುಕೊಳ್ಳಿ. ನಿಮ್ಮ ಮಾದರಿ 72 ಪಟ್ಟು ಚಿಕ್ಕದು. ನಿಜವಾದ ವಿಮಾನದ ಲೆಕ್ಕಕ್ಕೆ ಹಿಗ್ಗಿಸಿದರೆ ಒಂದೊಂದು ಚೂರೂ ಸುಮಾರು 3 ಮಿಲಿಮೀಟರ್ ಆಯಿತು. ಅಷ್ಟು ದಪ್ಪದ ಮಿನುಗು ಯಾವ ಯುದ್ಧವಿಮಾನದ ಮೈಮೇಲೂ ಇರುವುದಿಲ್ಲ. ಇದು ಆಟದ ಸಾಮಾನು ಎಂದು ಕಣ್ಣು ತಟ್ಟನೆ ಹೇಳುವುದು ಅದಕ್ಕೇ. ಮಾಡೆಲ್‌ಗಳಿಗೆಂದೇ ತಯಾರಿಸುವ ಲೋಹದ ಬಣ್ಣಗಳಲ್ಲಿ ಚೂರನ್ನು ತುಂಬ ನುಣ್ಣಗೆ ಅರೆದಿರುತ್ತಾರೆ. ದುಬಾರಿ ಬಣ್ಣಕ್ಕೆ ಕೊಡುವ ಹಣ ನ್ಯಾಯವಾಗಿ ಹೋಗುವುದು ಇಲ್ಲಿಗೆ.

ಈಗ ಮೈಯ ವಿಷಯ. ಮಿಗ್-21ರ ಒಡಲು ಉದ್ದನೆಯ ಕೊಳವೆ. ಸಾಮಾನ್ಯವಾಗಿ ಕಿಟ್‌ಗಳಲ್ಲಿ ಅದು ಎಡ-ಬಲ ಎರಡು ಹೋಳಾಗಿ ಬರುತ್ತದೆ. ಅಂದರೆ ಬೆನ್ನಿನುದ್ದಕ್ಕೂ ಹೊಟ್ಟೆಯುದ್ದಕ್ಕೂ ಒಂದೊಂದು ಜೋಡಣೆಯ ಗೆರೆ. ತೆಳು ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಹೋಳುಗಳನ್ನು ಸೇರಿಸಿ, ಅಂಟು ಹರಿಸಿ, ಮೆಲ್ಲಗೆ ಒತ್ತಿದರೆ ಕರಗಿದ ಪ್ಲಾಸ್ಟಿಕ್ ಸಣ್ಣ ದಾರದ ಹಾಗೆ ಹೊರಗೆ ಉಕ್ಕುತ್ತದೆ. ಅದನ್ನು ಒರೆಸಬೇಡಿ. ಒಂದೆರಡು ದಿನ ಪೂರ್ತಿ ಗಟ್ಟಿಯಾಗಲು ಬಿಟ್ಟು ಆಮೇಲೆ ಬ್ಲೇಡಿನ ಬೆನ್ನಿಂದ ಕೆರೆದು ತೆಗೆಯಿರಿ. ಆತುರಪಟ್ಟು ಅದಕ್ಕೂ ಮೊದಲೇ ಉಜ್ಜಿದರೆ ಆಗ ನುಣುಪಾಗಿ ಕಾಣುತ್ತದೆ. ಆದರೆ ಒಳಗೆ ಉಳಿದ ದ್ರಾವಕ ಆಮೇಲೆ ಆರುತ್ತಾ ಜಾಗ ಕುಗ್ಗಿ, ಬಣ್ಣ ಹೊಡೆದ ಮೇಲೆ ಅದೇ ಗೆರೆ ಹಳ್ಳವಾಗಿ ಎದ್ದು ಬರುತ್ತದೆ. ಸಂದು ಉಳಿದಿದ್ದರೆ ಪುಟ್ಟಿಗಿಂತ ಸೂಪರ್ ಗ್ಲೂ ತುಂಬಿಸುವುದು ನನಗೆ ಮೆಚ್ಚು. ಅದು ಕುಗ್ಗುವುದಿಲ್ಲ, ಬಣ್ಣವನ್ನು ಹೀರುವುದೂ ಇಲ್ಲ. ಆದರೆ ಹೆಚ್ಚು ದಿನ ಬಿಟ್ಟರೆ ಪ್ಲಾಸ್ಟಿಕ್ಕಿಗಿಂತ ಗಡಸಾಗಿಬಿಡುತ್ತದೆ, ಆದ್ದರಿಂದ ಅದೇ ದಿನ ಉಜ್ಜಿ ಮುಗಿಸಿ.

ಉಜ್ಜುವುದಕ್ಕೆ ಕಾರಿನ ಪೇಂಟಿಂಗ್ ಕೆಲಸದವರು ಬಳಸುವ ವಾಟರ್ ಪೇಪರ್ ಸಾಕು. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಆಟೊ ಪೇಂಟ್ ಅಂಗಡಿಗಳಲ್ಲಿ ಕೇಳಿ. ಬೇರೆ ಊರುಗಳಲ್ಲಿ ಗ್ಯಾರೇಜಿನವರನ್ನು ಕೇಳಿದರೆ ಎಲ್ಲಿ ಸಿಗುತ್ತದೆಂದು ಹೇಳುತ್ತಾರೆ. ನಂಬರ್ ಹೆಚ್ಚಿದಷ್ಟೂ ಪೇಪರ್ ನುಣುಪು. 600ರಿಂದ ಶುರುಮಾಡಿ 1000, 1500, 2000 ಎಂದು ಏರುತ್ತಾ ಹೋಗಿ, ಪ್ರತಿ ಸಲವೂ ನೀರು ಹಾಕಿ ಉಜ್ಜಿ. ಒಂದು ನಂಬರನ್ನೂ ಬಿಡಬೇಡಿ. 600ರ ಗೀರನ್ನು ತೆಗೆಯುವ ಶಕ್ತಿ 2000ಕ್ಕೆ ಇಲ್ಲ. ಅದು ಗೀರಿನ ಅಂಚನ್ನಷ್ಟೇ ನಯಮಾಡಿ ಗೀರನ್ನು ಅಲ್ಲೇ ಬಿಡುತ್ತದೆ. ಉಜ್ಜುವಾಗ ಪ್ಯಾನೆಲ್ ಗೆರೆಗಳು (ತಗಡುಗಳ ಅಂಚು ತೋರಿಸುವ ಗೆರೆಗಳು) ಮಾಸಿದರೆ ಸೂಜಿಯಿಂದ, ಗಟ್ಟಿ ಟೇಪಿನ ಅಂಚನ್ನು ಆನಿಕೆ ಮಾಡಿಕೊಂಡು, ಹಗುರಾಗಿ ಮತ್ತೆ ಕೊರೆಯಿರಿ. ಮೂತಿಯ ಗಾಳಿದ್ವಾರದ ಉಂಗುರಕ್ಕೆ ಒಂದು ಸುತ್ತು ಹೆಚ್ಚೇ ಉಜ್ಜಿ. ಮಿಗ್-21 ನೋಡಿದವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಆಮೇಲೆ ಸೋಪುನೀರಲ್ಲಿ ತೊಳೆದು ಒಣಗಿಸಿ. ಇಲ್ಲಿಂದ ಮುಂದೆ ಬರಿಗೈಯಿಂದ ಮುಟ್ಟಬೇಡಿ. ಬೆರಳಿನ ಜಿಡ್ಡು ಬೆಳ್ಳಿಯ ಅಡಿಯಿಂದ ಅಚ್ಚಾಗಿ ಕಾಣುತ್ತದೆ.

ಬಣ್ಣಕ್ಕೆ ಮೊದಲು ಹೊಡೆಯುವ ಅಡಿಬಣ್ಣ, ಅಂದರೆ ಪ್ರೈಮರ್, ಬಿಡುವ ಹಾಗಿಲ್ಲ. ಪ್ಲಾಸ್ಟಿಕ್, ಪುಟ್ಟಿ, ಸೂಪರ್ ಗ್ಲೂ ಮೂರೂ ಬಣ್ಣವನ್ನು ಬೇರೆ ಬೇರೆ ರೀತಿ ಹಿಡಿಯುತ್ತವೆ. ಪ್ರೈಮರ್ ಅವನ್ನು ಒಂದು ಮಾಡುತ್ತದೆ, ತಪ್ಪಿಸಿಕೊಂಡ ಗೀರುಗಳನ್ನೂ ತೋರಿಸಿಕೊಡುತ್ತದೆ. ಪ್ರೈಮರ್ ಮೇಲೆ ಹೊಳೆಯುವ ಕಪ್ಪು ಹೊಡೆಯಬೇಕೇ ಎಂದು ಬಹಳ ಮಂದಿ ಕೇಳುತ್ತಾರೆ. ಆಲ್‌ಕ್ಲ್ಯಾಡ್‌ನಂಥ ಬಣ್ಣಗಳ ಕ್ರೋಮ್ ಛಾಯೆಗೆ ಹೊಳೆಯುವ ಕಪ್ಪು ಬೇಕೇ ಬೇಕು. ಚೂರುಗಳ ನಡುವಿನ ಸಂದಿನಲ್ಲಿ ಕಪ್ಪು ಇಣುಕಿದಾಗಲೇ ಆ ಬಣ್ಣಕ್ಕೆ ಆಳ ಬರುವುದು. ಮಿಗ್‌ಗೆ ಅಷ್ಟು ಹೊಳಪು ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗಾಳಿಗೊಡ್ಡಿದ ಅಲ್ಯೂಮಿನಿಯಮ್ಮಿನ ಮೇಲೆ ತೆಳುವಾದ ಆಕ್ಸೈಡ್ ಪೊರೆ ಕಟ್ಟುತ್ತದೆ. ಬಿಸಿಲು, ಮಳೆ, ಎಣ್ಣೆ, ಮೆಕ್ಯಾನಿಕ್‌ಗಳ ಬೂಟು ಎಲ್ಲ ಸೇರಿ ಅದು ಇನ್ನಷ್ಟು ಮಂಕಾಗುತ್ತದೆ. ಚೆನ್ನಾಗಿ ನುಣುಪು ಮಾಡಿದ ಕಡುಬೂದು ಪ್ರೈಮರ್ ಮೇಲೆ ಅಲ್ಯೂಮಿನಿಯಂ ಛಾಯೆ ಹೊಡೆದರೆ ನಿಜವಾದ ಮಿಗ್‌ಗೆ ಹತ್ತಿರವಾಗುತ್ತದೆ. ಎರಡನ್ನೂ ಪ್ಲಾಸ್ಟಿಕ್ ಚಮಚಗಳ ಬೆನ್ನ ಮೇಲೆ ಹೊಡೆದು ಬಿಸಿಲಲ್ಲಿ ಹಿಡಿದು ನೋಡಿ. ಒಡಲಿನ ಉಬ್ಬು ಚಮಚದಲ್ಲೂ ಇರುವುದರಿಂದ ಹೋಲಿಸುವುದು ಸುಲಭ.

ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪುಟ್ಟ ಸಾಧನ) ಇದ್ದರೆ ಒತ್ತಡ 12ರಿಂದ 15 ಪಿಎಸ್‌ಐ ಸಾಕು. ಹತ್ತಿರದಿಂದ, ಒದ್ದೆಯಾಗಿ ಹರಿಯದ ಹಾಗೆ, ತೆಳು ತೆಳುವಾಗಿ ಹಲವು ಸಲ ಹೊಡೆಯಿರಿ. ಪೊರೆ ತೆಳುವಾಗಿದ್ದರೆ ದ್ರಾವಕ ಆರಿದಂತೆ ಪೊರೆ ಕುಗ್ಗಿ ಚೂರುಗಳನ್ನು ಮಟ್ಟಸವಾಗಿ ಒತ್ತುತ್ತದೆ. ದಪ್ಪಗೆ ಸುರಿದರೆ ಚೂರುಗಳು ಅದರೊಳಗೆ ಹೊರಳಾಡಿ ಹೇಗೆ ಬೇಕೋ ಹಾಗೆ ನಿಲ್ಲುತ್ತವೆ. ಏರ್‌ಬ್ರಷ್ ಇಲ್ಲದಿದ್ದರೆ ನಿರಾಶರಾಗಬೇಡಿ. ತಮಿಯಾ ಕಂಪನಿಯ ಎಎಸ್-12 ಎಂಬ ಸ್ಪ್ರೇ ಡಬ್ಬಿ ಬರಿ ಲೋಹದ ವಿಮಾನಗಳಿಗೆಂದೇ ಇರುವುದು, ಚೂರು ನುಣ್ಣಗಿದೆ, ಹೊಸಬರಿಗೂ ಒಲಿಯುತ್ತದೆ. ಇಡೀ ವಿಮಾನಕ್ಕೆ ಕುಂಚದಿಂದ ಬೆಳ್ಳಿ ಬಳಿಯುವುದನ್ನು ಮಾತ್ರ ಬಿಟ್ಟುಬಿಡಿ. ಕುಂಚ ಎಳೆದ ದಿಕ್ಕಿಗೆ ಚೂರುಗಳು ಸಾಲುಗಟ್ಟಿ ಗೆರೆಗೆರೆಯಾಗುತ್ತದೆ. ಯಾವ ಡಬ್ಬಿಯೇ ಆಗಲಿ, ಕಿಟಕಿ ತೆರೆದಿರಲಿ, ರಾಸಾಯನಿಕ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಮೂಗಿಗೆ ಇರಲಿ. ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಇನ್ನೊಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲ್ಯಾಕರ್ ಬಣ್ಣ ಹೊಡೆಯುವಾಗ ಎಚ್ಚರವಿರಲಿ. ದ್ರಾವಕ ಬೇಗ ಆವಿಯಾಗುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಹಾಲುಬೆಳ್ಳಗಾಗುತ್ತದೆ. ನಿಧಾನವಾಗಿ ಆರಿಸುವ ರಿಟಾರ್ಡರ್ ಬೆರೆಸಬಹುದು. ಮಳೆ ಬಿಟ್ಟ ಒಣಹವೆಯ ದಿನಕ್ಕಾಗಿ ಕಾಯುವುದು ಇನ್ನೂ ಒಳ್ಳೆಯದು. ಅಷ್ಟರಲ್ಲಿ ಕಾಕ್‌ಪಿಟ್, ಚಕ್ರ, ಕ್ಷಿಪಣಿಗಳ ಕೆಲಸ ಮುಗಿಸಿಕೊಳ್ಳಿ.

ಇನ್ನು, ಯಾವ ವಿಮಾನ ಎನ್ನುವ ಮುಖ್ಯ ವಿಷಯ. ಮಿಗ್-21 ಭಾರತಕ್ಕೆ ಬಂದದ್ದು 1963ರಲ್ಲಿ, ಚಂಡೀಗಢಕ್ಕೆ. ಕೊನೆಯ ವಿಮಾನಗಳು ವಿದಾಯ ಹೇಳಿದ್ದೂ ಅಲ್ಲಿಂದಲೇ, 2025ರ ಸೆಪ್ಟೆಂಬರ್ 26ರಂದು. ಈ 60 ವರ್ಷಗಳಲ್ಲಿ ಬಂದದ್ದು ಒಂದೇ ವಿಮಾನವಲ್ಲ. ಬರಿ ಲೋಹದ ಮಿಗ್ ಎಂದರೆ ಹೆಚ್ಚಿನವರ ಮನಸ್ಸಿಗೆ ಬರುವುದು ಎಚ್‌ಎಎಲ್ ನಾಸಿಕ್‌ನಲ್ಲಿ ತಯಾರಾದ, ವಾಯುಪಡೆ ಟೈಪ್ 77 ಎಂದು ಕರೆದ ಮಿಗ್-21 ಎಫ್‌ಎಲ್. ಅದರ ಬೆನ್ನು ತೆಳು, ಒಡಲೊಳಗೆ ಫಿರಂಗಿ ಇಲ್ಲ. ಆಮೇಲೆ ಬಂದ ಬಿಸ್ ಮಾದರಿಯ ಬೆನ್ನು ದಪ್ಪ, ಹೊಟ್ಟೆಯಲ್ಲಿ ಅವಳಿ ನಳಿಕೆಯ ಫಿರಂಗಿ. ಬಿಸ್ ಕಿಟ್ ತಂದು ಎಫ್‌ಎಲ್ ಡೆಕಾಲ್ (ಮೈಮೇಲೆ ಅಂಟಿಸುವ ಗುರುತು, ನಂಬರುಗಳ ತೆಳು ಚಿತ್ರ) ಅಂಟಿಸಿದರೆ ಬಣ್ಣ ಎಷ್ಟು ಚೆನ್ನಾಗಿ ಬಂದರೂ ಆ ವಿಮಾನ ಆಗುವುದಿಲ್ಲ. ಕಿಟ್ ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಮೊದಲೇ ನೋಡಿಕೊಳ್ಳಿ.

ಛಾಯೆ ತಿಳಿಯಲು ಆ ಕಾಲದ ಫೋಟೊಗಳನ್ನೇ ನೋಡಿ. ಶಾಲೆ, ವೃತ್ತ, ವಾಯುನೆಲೆಯ ಗೇಟುಗಳ ಮುಂದೆ ನಿಲ್ಲಿಸಿದ ವಿಮಾನಗಳನ್ನು ನಂಬಬೇಡಿ. ತುಕ್ಕು, ಮಳೆಯಿಂದ ಕಾಪಾಡಲು ಅವಕ್ಕೆ ಮತ್ತೆ ಮತ್ತೆ ಬಣ್ಣ ಬಳಿದಿರುತ್ತಾರೆ. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋದರೆ ಮಾರುತ್, ಅಜೀತ್ ವಿಮಾನಗಳ ಹತ್ತಿರವೇ ನಿಂತು ರಿವೆಟ್ ಸಾಲು, ತಗಡಿನ ಅಂಚು, ಮುಚ್ಚಳಗಳನ್ನು ಗಮನಿಸಿ. ಜೆಟ್ ವಿಮಾನದ ಮೈ ಹೇಗೆ ಕೂಡಿರುತ್ತದೆ ಎಂದು ಅಲ್ಲಿ ಕಲಿಯಬಹುದು, ಬಣ್ಣವನ್ನಲ್ಲ.

ಹಳೆಯ ಫೋಟೊಗಳಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ: ಇಡೀ ಮೈ ಒಂದೇ ಬೆಳ್ಳಿಯಲ್ಲ. ತಗಡುಗಳ ಮಿಶ್ರಲೋಹ ಬೇರೆ, ಅವನ್ನು ಉರುಳಿಸಿ ತೆಗೆದ ದಿಕ್ಕು ಬೇರೆ, ಕೆಲವು ಮುಚ್ಚಳಗಳನ್ನು ಪದೇ ಪದೇ ಬಿಚ್ಚಿ ಹಾಕಿರುತ್ತಾರೆ. ಎಂಜಿನ್ ಹೊರತೆಗೆಯಲು ಮಿಗ್-21ರ ಬಾಲದ ಭಾಗವನ್ನೇ ಕಳಚುತ್ತಾರೆ. ಆ ಕೂಡುವ ಜಾಗದ ಹಿಂದೆ ಮುಂದೆ ಛಾಯೆ ತುಸು ಬದಲಾದರೆ ಸಹಜ. ಹಾಗಾಗಿ ಇಡೀ ಮೈಗೆ ಒಂದು ಅಲ್ಯೂಮಿನಿಯಂ ಹೊಡೆದು, ಚೆನ್ನಾಗಿ ಒಣಗಿದ ಮೇಲೆ ಕೆಲವೇ ತಗಡುಗಳಿಗೆ ಟೇಪ್ ಕಟ್ಟಿ, ಅದೇ ಬಣ್ಣಕ್ಕೆ ಒಂದೆರಡು ಹನಿ ಕಪ್ಪೋ ಬಿಳಿಯೋ ಸೇರಿಸಿ ಹೊಡೆಯಿರಿ. ಟೇಪನ್ನು ಮೊದಲು ಅಂಗೈಗೆ ಒಂದೆರಡು ಸಲ ಅಂಟಿಸಿ ಅದರ ಅಂಟು ಕಡಿಮೆ ಮಾಡಿಕೊಳ್ಳಿ. ವ್ಯತ್ಯಾಸ ಹುಡುಕಿದರೆ ಮಾತ್ರ ಕಾಣಬೇಕು. ಚದುರಂಗದ ಮಣೆಯ ಹಾಗೆ ಮಾಡಿದ ಮಾದರಿಗಳನ್ನು ಬಹಳ ನೋಡಿದ್ದೇನೆ, ಅಷ್ಟು ಬೇಡ. ಬಾಲದ ತುದಿಯ ಎಂಜಿನ್ ಬಾಯಿಯ ಸುತ್ತ ಮಾತ್ರ ಸುಟ್ಟ ಲೋಹದ ಕಂದುನೀಲಿ ಛಾಯೆಗೆ ಕೈ ಸ್ವಲ್ಪ ಬಿಡಬಹುದು. ಮೂತಿಯ ಶಂಕು ಮತ್ತು ಬಾಲದ ನೆತ್ತಿ ಲೋಹವಲ್ಲ, ರೇಡಿಯೊ ಅಲೆ ಹಾಯಲು ಬಿಡುವ ವಸ್ತು. ಅವು ಹಸಿರು. ಬೆಳ್ಳಿಯ ನಡುವೆ ಆ ಹಸಿರು ಬಿದ್ದ ಕೂಡಲೇ ಮಾದರಿಗೆ ಮಿಗ್‌ನ ಕಳೆ ಬರುತ್ತದೆ.

ವಾರ್ನಿಷ್ ಹೊಡೆದ ಮೇಲೆ ಬೂದಿಯಾಯಿತೆಂದು ಬರೆದಿದ್ದೀರಿ. ಅದು ಹಾಗೇ ಆಗುವುದು. ವಾರ್ನಿಷ್‌ನ ದ್ರಾವಕ ಮೇಲಿನ ಚೂರುಗಳನ್ನು ಕದಡುತ್ತದೆ, ಆಮೇಲೆ ಬೆಳಕು ಒಂದು ಪಾರದರ್ಶಕ ಪದರವನ್ನು ಹೊಕ್ಕು ಹೊರಬರಬೇಕಾಗುತ್ತದೆ. ಮ್ಯಾಟ್ ವಾರ್ನಿಷ್ ಆದರೆ ಬೆಳಕನ್ನು ಚೆದುರಿಸುವುದೇ ಅದರ ಕೆಲಸ, ಲೋಹದ ಕಳೆ ಪೂರ್ತಿ ಹೋಗುತ್ತದೆ. ಬೇರೆ ಬಣ್ಣಗಳಲ್ಲಿ ಡೆಕಾಲ್ ಅಡಿಗೆ ಗಾಳಿ ಸಿಕ್ಕಿ ಬೆಳ್ಳಗೆ ಕಾಣದಿರಲಿ ಎಂದು ಮೊದಲು ಹೊಳಪು ವಾರ್ನಿಷ್ ಹೊಡೆಯುತ್ತೇವೆ. ಇಲ್ಲಿ ಮೈ ಆಗಲೇ ನುಣುಪಾಗಿರುವುದರಿಂದ ಅದು ಬೇಕಿಲ್ಲ. ಡೆಕಾಲ್‌ಗಳನ್ನು ನೇರವಾಗಿ ಬಣ್ಣದ ಮೇಲೆ ಇಡಿ. ಡೆಕಾಲ್ ಮೆತ್ತಗಾಗಿಸುವ ದ್ರವ ಹಾಕುವ ಮುನ್ನ ನಿಮ್ಮ ಚಮಚದ ಮೇಲೆ ಒಂದು ಹನಿ ಬಿಟ್ಟು ನೋಡಿ. ಕೆಲವು ಬಣ್ಣಗಳ ಮೇಲೆ ಕಲೆ ಉಳಿಯುತ್ತದೆ. ಪ್ಯಾನೆಲ್ ಗೆರೆಗಳಿಗೆ ಕಡುಗಪ್ಪು ಬೇಡ, ಬೂದುಗಂದು ಬಣ್ಣದ ತೆಳು ಎನಾಮೆಲ್ ಸಾಕು.

ಈಗಾಗಲೇ ಬಣ್ಣ ಹೊಡೆದ ಮಾದರಿಯನ್ನು ಏನು ಮಾಡುವುದು? ನೇಲ್ ಪಾಲಿಶ್ ರಿಮೂವರ್, ಗ್ಯಾರೇಜಿನ ಥಿನ್ನರ್, ಪೆಟ್ರೋಲ್ ಯಾವುದನ್ನೂ ಮುಟ್ಟಿಸಬೇಡಿ, ಪ್ಲಾಸ್ಟಿಕ್ ಹಾಳಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲನ್ನು ಹೊಟ್ಟೆಯ ಕಡೆ ಸ್ವಲ್ಪ ಹಚ್ಚಿ ನೋಡಿ. ಬಣ್ಣ ಬಿಟ್ಟರೆ ಎಲ್ಲ ತೆಗೆದು ಮೊದಲಿಂದ ಶುರುಮಾಡಬಹುದು. ಬಿಡದಿದ್ದರೆ ಇನ್ನೊಂದು ದಾರಿಯಿದೆ. 1971ರ ಯುದ್ಧದ ಹೊತ್ತಿಗೆ ವಾಯುಪಡೆಯ ಹಲವು ಬೆಳ್ಳಿ ಮಿಗ್‌ಗಳಿಗೆ ಆತುರದಲ್ಲಿ ಮರೆಬಣ್ಣ (ಕ್ಯಾಮೊಫ್ಲಾಜ್) ಬಳಿದಿದ್ದರು. ಆ ಡಿಸೆಂಬರ್ 14ರಂದು ಢಾಕಾದ ಗವರ್ನರ್ ನಿವಾಸದ ಮೇಲೆ ರಾಕೆಟ್ ದಾಳಿ ಮಾಡಿದ್ದು ಮಿಗ್-21ಗಳೇ. ನಿಮ್ಮ ವಿಮಾನವನ್ನು 1500ರ ವಾಟರ್ ಪೇಪರಿನಿಂದ ಉಜ್ಜಿ, ಆ ಕಾಲದ ಒಂದು ಫೋಟೊ ಎದುರಿಗಿಟ್ಟುಕೊಂಡು, ಹಸಿರನ್ನೂ ಕಂದನ್ನೂ ತೆಳುವಾಗಿ ಹಚ್ಚಿ. ರೆಕ್ಕೆಯ ಮುಂಗಡೆ ಅಂಚಿನಲ್ಲಿ, ಮುಚ್ಚಳಗಳ ಸುತ್ತ ಅಲ್ಲಲ್ಲಿ ಮತ್ತೆ ಹಗುರಾಗಿ ಉಜ್ಜಿ ಅಡಿಯ ಬೆಳ್ಳಿ ಇಣುಕಲು ಬಿಡಿ. ಈ ಕೆಲಸಕ್ಕೆ ಹಾರ್ಡ್‌ವೇರ್ ಅಂಗಡಿಯ ಬೆಳ್ಳಿಯೇ ಸಾಕಾಗುತ್ತದೆ.